ಇಪ್ಪತ್ನಾಲ್ಕು ಗಂಟೆಯ ಜಾಹೀರಾತು, ಇಪ್ಪತ್ತು ವರ್ಷದ ಸಾಲ

ಬೆಂಗಳೂರಿನ ಸುತ್ತಲಿನ ಸೈಟು, ಫ್ಲ್ಯಾಟು, ವಿಲ್ಲಾ, ಫಾರ್ಮ್ ಪ್ಲಾಟುಗಳ ಜಾಹೀರಾತಿನ ದೊಡ್ಡ ಪಾಲು ಪತ್ರಿಕೆಯ ಪುಟವನ್ನೂ ಹೆದ್ದಾರಿಯ ಹೋರ್ಡಿಂಗನ್ನೂ ಬಿಟ್ಟು ಫೋನಿಗೆ ಬಂದು ಕೂತಿದೆ. ಇದರಲ್ಲಿ ತಪ್ಪೇನಿಲ್ಲ. ಮಾರುವವರು ಜನ ಇರುವಲ್ಲಿಗೇ ಹೋಗಬೇಕು; ಜನ ಈಗ ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್‌ಆ್ಯಪ್‌ಗಳಲ್ಲಿದ್ದಾರೆ. ಚಿಂತೆ ಇರುವುದು ಬೇರೆ ಕಡೆ. ಪತ್ರಿಕೆಯ ಜಾಹೀರಾತಿಗೆ ತಾರೀಕಿತ್ತು, ಕೊಟ್ಟವರ ಹೆಸರಿತ್ತು, ಹಳೆಯ ಸಂಚಿಕೆ ಗ್ರಂಥಾಲಯದಲ್ಲಿ ಉಳಿಯುತ್ತಿತ್ತು. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಇನ್‌ಸ್ಟಾಗ್ರಾಂ ಸ್ಟೋರಿಗೂ ಆಯುಷ್ಯ 24 ಗಂಟೆ. ಅದನ್ನು ನೋಡಿ ಮಾಡಿದ ಗೃಹಸಾಲ 20 ವರ್ಷ ಬದುಕುತ್ತದೆ. ಮುಂದಿನ ದಶಕದ ದೊಡ್ಡ ಭೂ ವಂಚನೆಗಳು ಈಗ, ಈ ಅಂತರದಲ್ಲೇ ಬೇರು ಬಿಡುತ್ತಿವೆ ಎಂಬುದು ನಮ್ಮ ಗುಮಾನಿ. ದೂರುಗಳ ರಾಶಿ ಬಿದ್ದ ಮೇಲೆ ಬರೆಯುವುದು ಸುಲಭ. ಅದಕ್ಕೂ ಮೊದಲೇ ಬರೆಯುತ್ತಿದ್ದೇವೆ.

ಭೂಮಿಯ ವ್ಯವಹಾರದಲ್ಲಿ ಎಡವಟ್ಟು ಆ ದಿನವೇ ಕಾಣುವುದಿಲ್ಲ. ಟೋಕನ್ ಕೊಟ್ಟ ದಿನ ಎಲ್ಲರೂ ನಗುನಗುತ್ತಲೇ ಇರುತ್ತಾರೆ, ರಿಜಿಸ್ಟ್ರೇಷನ್ ದಿನ ಸಿಹಿ ಹಂಚುತ್ತಾರೆ. ಮನೆ ಕಟ್ಟಲು ನಕ್ಷೆ ಮಂಜೂರಾತಿಗೆ ಹೋದಾಗಲೋ, ಬ್ಯಾಂಕಿನವರು ಕಾಗದ ನೋಡಿ ತಲೆ ಅಲ್ಲಾಡಿಸಿದಾಗಲೋ, ಫ್ಲ್ಯಾಟಿನ ಕೀಲಿಕೈ ಕೊಡುವ ದಿನ ವರ್ಷಗಟ್ಟಲೆ ಮುಂದಕ್ಕೆ ಹೋದಾಗಲೋ ನಿಜ ಗೊತ್ತಾಗುತ್ತದೆ. ಹೊಲದ ಮೇಲೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು ಮಾರಿದ ರೆವಿನ್ಯೂ ಸೈಟುಗಳ ಕಥೆ ಇನ್ನೂ ಮುಗಿದಿಲ್ಲ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಕೈಯಲ್ಲಿದ್ದರೆ ಸೈಟು ನಮ್ಮದೇ ಎಂದು ತಿಳಿದಿದ್ದವರಿಗೆ, ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದ್ದು 2011ರಲ್ಲಿ. ಇಂಥ ಅಕ್ರಮಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ–ಸಕ್ರಮಕ್ಕೆ ನಿಯಮ ರೂಪುಗೊಂಡಿದ್ದು 2014ರಲ್ಲಿ, ಅದಕ್ಕೆ ತಡೆ ಬಿದ್ದಿದ್ದು 2017ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಸೈಟು ಕೊಂಡ ಎಷ್ಟೋ ಮಂದಿಯ ಮಕ್ಕಳಿಗೆ ಮದುವೆಯಾಗಿತ್ತು. ಮಾರಿದವರು ಯಾವ ಊರಲ್ಲಿದ್ದರೋ!

ಈಗ ಓಡುತ್ತಿರುವ ರೀಲುಗಳ ಧಾಟಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೂವತ್ತೋ ನಲವತ್ತೋ ಸೆಕೆಂಡು. ಡ್ರೋನು ಹೆದ್ದಾರಿಯಿಂದ ಮೇಲೇಳುತ್ತದೆ, ಒಂದು ಕೆರೆಯ ಮೇಲೆ ಹಾದು, ಕೆಂಪು ಮಣ್ಣಿನ ರಸ್ತೆ, ಸಾಲು ದೀಪದ ಕಂಬ, ಕಮಾನಿನ ಗೇಟು ತೋರಿಸುತ್ತದೆ. ಕೆರೆ ಲೇಔಟಿಗೆ ಎಷ್ಟು ದೂರ, ಹಸಿರಾಗಿ ಕಾಣುವ ತೋಪು ಯಾರದು ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಮಾತಾಡುವ ಹುಡುಗ ನಮ್ಮನ್ನೆಲ್ಲ 'ಗುರು' ಅನ್ನುತ್ತಾನೆ. 'ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ ಗುರು, ಈ ರೇಟಿಗೆ ಇನ್ನು ಸಿಗಲ್ಲ.' ಯಾವ ದಿನದ, ಎಷ್ಟು ಗಂಟೆಯ ಇಪ್ಪತ್ತು ನಿಮಿಷ ಎಂದು ಕೇಳುವವರಿಲ್ಲ. ಕೊನೆಗೆ, ಬೇಕಾದವರು ಕಾಮೆಂಟಿನಲ್ಲಿ 'ಸೈಟ್' ಎಂದು ಟೈಪ್ ಮಾಡಿ, ಡೀಟೇಲ್ಸ್ ಇನ್‌ಬಾಕ್ಸಿಗೆ ಬರುತ್ತದೆ ಎಂಬ ಕರೆ.

ಇಷ್ಟರಲ್ಲಿ ಎಷ್ಟೋ ಸಲ ಒಂದು ಸಂಗತಿ ಬಂದೇ ಇರುವುದಿಲ್ಲ: ಪ್ರಾಜೆಕ್ಟಿನ ಹೆಸರು. ಇದು ಮರೆವಲ್ಲ. ಹೆಸರು ಹೇಳಿಬಿಟ್ಟರೆ ನೋಡಿದವರು ನೇರವಾಗಿ ಬಿಲ್ಡರ್ ಹತ್ತಿರ ಹೋಗುತ್ತಾರೆ, ಏಜೆಂಟಿನ ಕಮಿಷನ್ ಹೋಗುತ್ತದೆ. ವ್ಯಾಪಾರದ ದೃಷ್ಟಿಯಿಂದ ಇದು ಅರ್ಥವಾಗುವ ಮಾತೇ. ಆದರೆ ಹೆಸರಿಲ್ಲದ ಜಾಹೀರಾತಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯೂ ಇರಲು ಬರುವುದಿಲ್ಲ. ಸಂಖ್ಯೆ ಇಲ್ಲದಿದ್ದರೆ ಪರಿಶೀಲನೆಯೂ ಇಲ್ಲ. ಕಮಿಷನ್ ಉಳಿಸಿಕೊಳ್ಳುವ ಸಣ್ಣ ಜಾಣತನವೊಂದು ಇಡೀ ಕಾನೂನಿನ ಕಣ್ಣು ಕಟ್ಟುತ್ತಿದೆ.

ಕಾನೂನಿಗೆ ಕೊರತೆಯಿದೆಯೇ? ಇಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ಜಾಹೀರಾತಿನ ವ್ಯಾಖ್ಯೆ ಬಹಳ ಅಗಲವಾಗಿದೆ. ಯಾವುದೇ ಮಾಧ್ಯಮದಲ್ಲಿ, ಯಾವುದೇ ರೂಪದಲ್ಲಿ ಪ್ರಾಜೆಕ್ಟಿನ ಬಗ್ಗೆ ತಿಳಿಸಿ ಕೊಳ್ಳಲು ಕರೆಯುವುದೆಲ್ಲ ಅದರೊಳಗೆ ಬರುತ್ತದೆ. 500 ಚದರ ಮೀಟರ್ ಜಾಗ ಅಥವಾ 8 ಮನೆಗಳನ್ನು ಮೀರಿದ ಪ್ರಾಜೆಕ್ಟನ್ನು ನೋಂದಣಿಯಾಗದೆ ಮಾರುವುದಿರಲಿ, ಜಾಹೀರು ಮಾಡುವುದನ್ನೂ 3ನೇ ಸೆಕ್ಷನ್ ನಿಷೇಧಿಸುತ್ತದೆ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯನ್ನೂ ಪ್ರಾಧಿಕಾರದ ಜಾಲತಾಣದ ವಿಳಾಸವನ್ನೂ ಎದ್ದು ಕಾಣುವಂತೆ ಹಾಕಬೇಕೆಂದು 11ನೇ ಸೆಕ್ಷನ್ ಹೇಳುತ್ತದೆ. ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿ ನಷ್ಟ ಹೊಂದಿದವರಿಗೆ ಪರಿಹಾರ ಕೊಡಬೇಕು, ಅವರು ಹಿಂದೆ ಸರಿಯುವುದಾದರೆ ಕಟ್ಟಿದ್ದನ್ನೆಲ್ಲ ಬಡ್ಡಿ ಸಹಿತ ಹಿಂದಿರುಗಿಸಬೇಕು ಎಂಬುದು 12ನೇ ಸೆಕ್ಷನ್. ಏಜೆಂಟ್ ಎಂದರೆ ಯಾರು ಎಂಬುದಕ್ಕೂ ಕಾಯ್ದೆಯ ಉತ್ತರ ಸ್ಪಷ್ಟ: ಸಂಭಾವನೆ ಪಡೆದು, ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯಿಸುವವರು. ಅವರನ್ನು ಯಾವ ಹೆಸರಿನಿಂದ ಕರೆದರೂ ಸರಿ. ನಮ್ಮ ಓದಿನ ಪ್ರಕಾರ, ದುಡ್ಡು ಪಡೆದು 'ಪ್ರಾಪರ್ಟಿ ರಿವ್ಯೂ' ಮಾಡಿ, ಕೆಳಗೆ ಫೋನ್ ನಂಬರ್ ಹಾಕುವ ಇನ್‌ಫ್ಲುಯೆನ್ಸರ್ ಕೂಡ ಈ ವ್ಯಾಖ್ಯೆಯ ಒಳಗೇ ನಿಲ್ಲುತ್ತಾರೆ. ನೋಂದಣಿಯಿಲ್ಲದೆ ಆ ಕೆಲಸ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಏರುತ್ತ ಹೋಗಿ ಆ ಸೊತ್ತಿನ ಬೆಲೆಯ ಶೇ 5ರವರೆಗೆ ಮುಟ್ಟಬಹುದು.

ಬಿರುಕು ಇರುವುದು ಇಲ್ಲಿ. 11 ಮತ್ತು 12ನೇ ಸೆಕ್ಷನ್‌ಗಳು ಹೊಣೆ ಹೊರಿಸುವುದು ಬಿಲ್ಡರ್ ಮೇಲೆ. ಜಾಹೀರಾತನ್ನು ಈಗ ಬಿಲ್ಡರ್ ಮಾಡುವುದು ಕಡಿಮೆ. ಮಾಡುವವರು ಚಾನೆಲ್ ಪಾರ್ಟ್‌ನರ್‌ಗಳು, ಅವರ ಕೆಳಗಿನ ಸಬ್ ಬ್ರೋಕರ್‌ಗಳು, ಅವರು ದುಡ್ಡು ಕೊಟ್ಟು ಕರೆಸಿದ ರೀಲಿಗರು. ನಾಳೆ ದೂರು ಬಂದಾಗ ಬಿಲ್ಡರ್ ಕಡೆಯ ವಕೀಲರು ಹೇಳುವ ಮಾತು ಈಗಲೇ ಕೇಳಿಸುತ್ತಿದೆ: 'ಅದು ನಮ್ಮ ಜಾಹೀರಾತಲ್ಲ ಸ್ವಾಮಿ, ಯಾರೋ ಏಜೆಂಟ್ ಮಾಡಿದ ವಿಡಿಯೊ.' ಏಜೆಂಟನ್ನು ಹುಡುಕಿದರೆ ಪೇಜಿನ ಹೆಸರು ಬದಲಾಗಿರುತ್ತದೆ, ರೀಲು ಅಳಿಸಿಹೋಗಿರುತ್ತದೆ. ಆಡಿದ ಮಾತು ಯಾರದು ಎಂದು ಹೇಳಲಾಗದಂತೆ ಮಾಡುವುದೇ ಇಲ್ಲಿ ವ್ಯವಸ್ಥೆಯಾಗಿ ಬೆಳೆಯುತ್ತಿದೆ. ಯಾರೂ ಕೂತು ಯೋಜಿಸಿ ಮಾಡಿದ್ದಲ್ಲದಿರಬಹುದು. ಪರಿಣಾಮವಂತೂ ಅದೇ.

ಸಂಖ್ಯೆ ಹಾಕುವವರೂ ಇದ್ದಾರೆ. ಅವರ ಸಂಖ್ಯೆಯನ್ನು ಓದಲು ಕಲಿಯಬೇಕು. ಕರ್ನಾಟಕದ ರೇರಾ ಸಂಖ್ಯೆ ಉದ್ದವಾಗಿರುತ್ತದೆ, ನಡುವೆ ಓರೆ ಗೆರೆಗಳು. ಆ ಗೆರೆಗಳ ನಡುವೆ 'ಪಿಆರ್' ಎಂಬ ಎರಡು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಪ್ರಾಜೆಕ್ಟಿನ ನೋಂದಣಿ. 'ಎಜಿ' ಎಂದಿದ್ದರೆ ಏಜೆಂಟಿನದು. ಏಜೆಂಟ್ ನೋಂದಣಿ ಮಾಡಿಸಿಕೊಂಡಿದ್ದಾನೆ ಎಂಬುದರಿಂದ ಅವನು ಮಾರುತ್ತಿರುವ ಲೇಔಟಿಗೆ ಯಾವ ಪಾವಿತ್ರ್ಯವೂ ಬರುವುದಿಲ್ಲ. ಆದರೂ ವಿಡಿಯೊದ ಮೂಲೆಯಲ್ಲಿ ಎಜಿ ಸಂಖ್ಯೆಯನ್ನಷ್ಟೇ ಹಾಕಿ 'ರೇರಾ ಅಪ್ರೂವ್ಡ್' ಅಂದರೆ ಪ್ರೇಕ್ಷಕರಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಇನ್ನೊಂದು 'ಎಸಿಕೆ'ಯಿಂದ ಶುರುವಾಗುವ ಸಂಖ್ಯೆ. ಅದು ಅರ್ಜಿ ತಲುಪಿದ್ದಕ್ಕೆ ಕೊಟ್ಟ ಸ್ವೀಕೃತಿ ಮಾತ್ರ. ಅರ್ಜಿ ಹಾಕುವುದು ಯಾರ ಕೈಯಲ್ಲಾದರೂ ಆಗುವ ಕೆಲಸ. ಇನ್ನು 'ರೇರಾ ಅಪ್ಲೈಡ್', 'ರೇರಾ ಶೀಘ್ರದಲ್ಲೇ' ಎಂಬ ಬರಹ ಕಂಡರೆ ಅರ್ಥ ಒಂದೇ: ಇದನ್ನು ಜಾಹೀರು ಮಾಡಲು ಇನ್ನೂ ಅನುಮತಿಯಿಲ್ಲ, ಮಾಡುತ್ತಿದ್ದೇವೆ.

ಇದಕ್ಕೆ ಪೇಟೆಯಲ್ಲಿ ಇಟ್ಟ ಹೆಸರು ಪ್ರೀ-ಲಾಂಚ್. ಅದರಲ್ಲಿ ಕೊಡುವ ದುಡ್ಡಿಗೆ ಇಟ್ಟ ಹೆಸರು ಇಓಐ. ಬುಕಿಂಗ್ ಅಲ್ಲ ಸಾರ್, ಬರೀ ಆಸಕ್ತಿ ತೋರಿಸುವುದು, ಬೇಡ ಅಂದರೆ ವಾಪಸ್ ಎನ್ನುತ್ತಾರೆ. ಹಾಗೆ ಸಂಗ್ರಹವಾದ ಆಸಕ್ತಿಯ ಎಣಿಕೆಯನ್ನು ಮತ್ತೆ ಜಾಹೀರಾತು ಮಾಡಿ, 'ಅರ್ಧ ಮುಗಿದೇ ಹೋಯಿತು' ಎಂದು ಉಳಿದವರಿಗೆ ಬಿಸಿ ಮುಟ್ಟಿಸುತ್ತಾರೆ. ಕಾಯ್ದೆಯ ಪ್ರಕಾರ ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಆ ಪ್ರಾಜೆಕ್ಟಿನ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ರಾತ್ರಿ ಹತ್ತು ಗಂಟೆಗೆ ಕಳಿಸಿದ 50,000 ರೂಪಾಯಿ ಯಾರ ಖಾತೆಗೆ ಹೋಯಿತು? ಏಜೆಂಟಿನ ಸ್ವಂತ ಖಾತೆಗೆ ಹೋಗಿದ್ದರೆ ಆ ಶೇ 70ರ ರಕ್ಷಣೆಯ ಮಾತೇ ಬರುವುದಿಲ್ಲ. ನೋಂದಣಿ ಇಲ್ಲದೆ ಮಾರಾಟಕ್ಕಿಳಿದ ಬಿಲ್ಡರಿಗೆ ಪ್ರಾಜೆಕ್ಟಿನ ಅಂದಾಜು ವೆಚ್ಚದ ಶೇ 10ರವರೆಗೆ ದಂಡ ಹಾಕಲು 59ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆ ದಂಡದ ಹೆದರಿಕೆ ಪೇಟೆಯಲ್ಲಿ ಕಾಣುತ್ತಿದೆಯೇ ಎಂಬುದಕ್ಕೆ ನಿಮ್ಮ ಫೋನಿನಲ್ಲಿ ಬರುವ ಪ್ರೀ-ಲಾಂಚ್ ಆಹ್ವಾನಗಳೇ ಉತ್ತರ.

ರೀಲಿನ ನಿಜವಾದ ಬಂಡವಾಳ ಸರ್ಕಾರದ ಘೋಷಣೆಗಳು. ಎರಡನೇ ವಿಮಾನ ನಿಲ್ದಾಣದ ಮಾತನ್ನೇ ತೆಗೆದುಕೊಳ್ಳಿ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಕನಕಪುರ ರಸ್ತೆಯ ಕಡೆ ಎರಡು, ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ ಒಂದು ಜಾಗ ನೋಡಿಹೋಯಿತು. ನೋಡಿಹೋಗುವುದಕ್ಕೂ ಆಯ್ಕೆ ಮಾಡುವುದಕ್ಕೂ, ಆಯ್ಕೆ ಮಾಡುವುದಕ್ಕೂ ವಿಮಾನ ಇಳಿಯುವುದಕ್ಕೂ ನಡುವೆ ಎಷ್ಟು ವರ್ಷ ಎಂಬುದು ಈಗಿನ ನಿಲ್ದಾಣವಿರುವ ದೇವನಹಳ್ಳಿಯ ಚರಿತ್ರೆ ಬಲ್ಲವರಿಗೆ ಗೊತ್ತು. ಅಲ್ಲದೆ ಈಗಿನ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ ಬರಬಾರದೆಂಬ ಷರತ್ತು 2033ರವರೆಗೆ ಇದೆ. ಇದಾವುದನ್ನೂ 'ಸೆಕೆಂಡ್ ಏರ್‌ಪೋರ್ಟ್ ಪಕ್ಕ' ಎನ್ನುವ ಜಾಹೀರಾತು ಹೇಳುವುದಿಲ್ಲ. ಅದು ಹೇಳದ ಇನ್ನೂ ದೊಡ್ಡ ಮಾತೊಂದಿದೆ. ನಿಲ್ದಾಣ ನಿಜವಾಗಿಯೂ ಅಲ್ಲಿಗೇ ಬಂದರೆ, ತೀರಾ ಪಕ್ಕದ ಸೈಟು ಭೂಸ್ವಾಧೀನದ ಪಟ್ಟಿಯಲ್ಲೇ ಇರಬಹುದು. ಆಗ ಪರಿಹಾರ ಸಿಗುವುದು ರೀಲಿನಲ್ಲಿ ಹೇಳಿದ ಬೆಲೆಗಲ್ಲ.

ಪೆರಿಫೆರಲ್ ರಿಂಗ್ ರೋಡ್ ಕಥೆ ಇದಕ್ಕಿಂತ ಹಳೆಯದು. ಸುಮಾರು ಎರಡು ದಶಕದಿಂದ ಅಧಿಸೂಚನೆಯಲ್ಲಿ, ಕೋರ್ಟಿನಲ್ಲಿ, ಟೆಂಡರಿನಲ್ಲಿ ಓಡಾಡುತ್ತಿರುವ ರಸ್ತೆ ಅದು. ಹೆಸರು ಬದಲಾಗಿ ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಯಿತು. ಜಾಹೀರಾತಿನಲ್ಲಿ ಮಾತ್ರ ಅದು ಎಂದೋ ಸಿದ್ಧವಾಗಿದೆ! ಇನ್ನು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ಗುರುತಿಸಿದ್ದ 1,777 ಎಕರೆಯ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ರೈತರ ಪಾಲಿಗೆ ಅದು ನ್ಯಾಯ. ಅದೇ ಹೊತ್ತಿಗೆ, 'ಪಕ್ಕದಲ್ಲೇ ಏರೋಸ್ಪೇಸ್ ಪಾರ್ಕ್ ಬರುತ್ತದೆ' ಎಂಬ ಭರವಸೆಯ ಮೇಲೆ ಯಾರಾದರೂ ಸೈಟು ಕೊಂಡಿದ್ದರೆ ಆ ಭರವಸೆ ಒಂದೇ ದಿನದಲ್ಲಿ ಕರಗಿತು. ಸರ್ಕಾರದ ಯೋಜನೆ ಮುಂದೂ ಹೋಗುತ್ತದೆ, ಹಿಂದೂ ಬರುತ್ತದೆ. ಅದನ್ನು ಆಗಿಹೋದ ಸಂಗತಿಯಂತೆ ಮಾರುವುದು ಸುಳ್ಳು ಜಾಹೀರಾತಲ್ಲದೆ ಮತ್ತೇನೂ ಅಲ್ಲ.

ನಮ್ಮ ಎಚ್ಚರಿಕೆಯ ಗಂಟೆ ಎಲ್ಲಕ್ಕಿಂತ ಜೋರಾಗಿ ಬಾರಿಸಬೇಕಾದ್ದು ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್ ಎಂಬ ಹೊಸ ಸರಕಿನ ಬಗ್ಗೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದಾದ ಮೇಲೆ ಇದಕ್ಕೆ ರೆಕ್ಕೆ ಬಂತು. ಸಕಲೇಶಪುರ, ಚಿಕ್ಕಬಳ್ಳಾಪುರ, ಕನಕಪುರದ ಕಡೆಗಳಲ್ಲಿ ಒಂದು ದೊಡ್ಡ ಹಿಡುವಳಿಯನ್ನು ಕಾಲು ಎಕರೆ, ಅರ್ಧ ಎಕರೆಗಳಾಗಿ ಹಂಚಿ, ಶ್ರೀಗಂಧ, ಹೆಬ್ಬೇವು, ಆವಕಾಡೊ ನೆಟ್ಟು, 'ನೀವು ಐಟಿ ಕೆಲಸ ಮಾಡಿಕೊಂಡಿರಿ, ತೋಟ ನಾವು ನೋಡಿಕೊಳ್ಳುತ್ತೇವೆ' ಎನ್ನುತ್ತಾರೆ. ಭೂ ಪರಿವರ್ತನೆಯಾಗದ ಕೃಷಿ ಜಮೀನಾದ್ದರಿಂದ ರೇರಾ ನಮಗೆ ಅನ್ವಯಿಸುವುದಿಲ್ಲ ಎಂಬುದು ಅವರ ವಾದ. ಅದೇ ಉಸಿರಿನಲ್ಲಿ ಕ್ಲಬ್ ಹೌಸ್, ಈಜುಕೊಳ, ಕಾಟೇಜುಗಳ ಚಿತ್ರ ತೋರಿಸುತ್ತಾರೆ. ಕೃಷಿ ಜಮೀನಾದರೆ ಕಾಟೇಜು ಸಾಲು ಹೇಗೆ ಬಂತು? ಕಾಟೇಜು ಸಾಲಾದರೆ ರೇರಾ ಏಕಿಲ್ಲ?

ಅದಕ್ಕಿಂತ ದೊಡ್ಡ ಅಪಾಯ 'ವರ್ಷಕ್ಕೆ ಇಷ್ಟು ಆದಾಯ ಗ್ಯಾರಂಟಿ' ಎಂಬ ಸಾಲಿನಲ್ಲಿದೆ. ಹಲವರ ಹಣ ಒಟ್ಟುಗೂಡಿಸಿ, ಆಡಳಿತವನ್ನು ತಾನೇ ಇಟ್ಟುಕೊಂಡು, ಲಾಭ ಕೊಡುತ್ತೇನೆಂದರೆ ಅದು ಸೆಬಿ ಕಾಯ್ದೆಯ ಸಾಮೂಹಿಕ ಹೂಡಿಕೆ ಯೋಜನೆಯ ಸ್ವರೂಪಕ್ಕೆ ಬರುತ್ತದೆ. ಕೃಷಿ ಭೂಮಿಯ ಹೆಸರಿನಲ್ಲಿ ಪಿಎಸಿಎಲ್ ಎಂಬ ಕಂಪನಿ ಹೀಗೆ ಎತ್ತಿದ್ದು 49,100 ಕೋಟಿ ರೂಪಾಯಿ. ಅದನ್ನು ಹಿಂದಿರುಗಿಸಬೇಕೆಂದು ಸೆಬಿ ಆದೇಶಿಸಿದ್ದು 2014ರಲ್ಲಿ, ಹಣ ಹೂಡಿದವರು ಅದಾಗಿ ವರ್ಷಗಟ್ಟಲೆ ಕಾದರು. ಅದಕ್ಕೂ ಹಿಂದೆ, ತೊಂಬತ್ತರ ದಶಕದಲ್ಲಿ, ತೇಗದ ಸಸಿ ಹೆಸರಿನಲ್ಲಿ ಹಣ ಸಂಗ್ರಹಿಸಿದ ಚೆನ್ನೈನ ಅನುಭವ್ ಪ್ಲಾಂಟೇಷನ್ಸ್ 1998ರಲ್ಲಿ ಕುಸಿಯಿತು. ಇಂಥ ಯೋಜನೆಗಳಿಗೆ ಸೆಬಿಯ ನಿಯಮಾವಳಿ ಬಂದಿದ್ದು 1999ರಲ್ಲಿ. ಎರಡು ಸಲವೂ ಕಾನೂನು ಹಣದ ಹಿಂದೆ ಓಡಿತು. ಇಂದಿನ ಎಲ್ಲ ಫಾರ್ಮ್ ಪ್ಲಾಟುಗಳೂ ಮೋಸ ಎಂದು ನಾವು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ತೋಟ ಮಾಡಿಕೊಡುವವರು ಇರಬಹುದು. ಆದರೆ ಆದಾಯದ ಗ್ಯಾರಂಟಿ ಮತ್ತು ಡ್ರೋನ್ ವಿಡಿಯೊ ಒಟ್ಟಿಗೆ ಕಂಡಲ್ಲಿ ಸೆಬಿಯೂ ಕಂದಾಯ ಇಲಾಖೆಯೂ ಒಮ್ಮೆ ಕಣ್ಣು ಹಾಯಿಸಬೇಕು.

ಈ ರೀಲುಗಳು ದುಬೈ, ಸಿಂಗಪುರ, ನ್ಯೂಜೆರ್ಸಿಗಳ ಕನ್ನಡಿಗರ ಫೋನಿಗೂ ಹೋಗುತ್ತವೆ. ಊರಿನಲ್ಲೊಂದು ತುಂಡು ಭೂಮಿ ಇರಲಿ ಎಂಬ ಆಸೆ ಅವರಲ್ಲಿ ಬಲವಾಗಿರುತ್ತದೆ. ಜಾಹೀರಾತು ಮಾಡುವವರಿಗೆ ಅದು ಚೆನ್ನಾಗಿ ಗೊತ್ತು. ವಿದೇಶಿ ವಿನಿಮಯ ನಿರ್ವಹಣಾ ಕಾನೂನಿನ ಪ್ರಕಾರ ಅನಿವಾಸಿ ಭಾರತೀಯರು, ಒಸಿಐ ಕಾರ್ಡ್ ಇರುವವರು ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಷನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. 2020ರ ರಾಜ್ಯ ತಿದ್ದುಪಡಿ ಇದನ್ನು ಬದಲಿಸಿಲ್ಲ. ಆದರೂ 'ಎನ್‌ಆರ್‌ಐಗಳಿಗೆ ವಿಶೇಷ ಆಫರ್' ಎಂದು ಫಾರ್ಮ್ ಪ್ಲಾಟ್ ತೋರಿಸಿದರೆ, ಅದು ಕೊಳ್ಳುವವರನ್ನೇ ಕಾನೂನು ಉಲ್ಲಂಘನೆಗೆ ತಳ್ಳುವ ಜಾಹೀರಾತು.

ಮಾರುಕಟ್ಟೆಯ ಒಳಗೆ ಲೀಡ್, ಅಂದರೆ ಆಸಕ್ತಿ ತೋರಿದವರ ಹೆಸರು ಮತ್ತು ನಂಬರ್, ಎನ್ನುವುದೇ ನಾಣ್ಯ. ಫೇಸ್‌ಬುಕ್‌ನಲ್ಲಿ 'ಇನ್ನಷ್ಟು ತಿಳಿಯಿರಿ' ಒತ್ತಿದರೆ ತೆರೆದುಕೊಳ್ಳುವ ಫಾರ್ಮಿನಲ್ಲಿ ಹೆಸರು, ಫೋನ್ ನಂಬರ್ ಮೊದಲೇ ತುಂಬಿರುತ್ತವೆ. ಇನ್ನೊಮ್ಮೆ ಬೆರಳೊತ್ತಿದರೆ ಮುಗಿಯಿತು. ಆಮೇಲೆ ಒಂದೇ ಜಾತಕ ಹತ್ತು ಮನೆ ತಿರುಗಿದ ಹಾಗೆ ಆ ನಂಬರು ಹತ್ತು ಏಜೆಂಟರ ಕೈ ತಿರುಗುತ್ತದೆ. ಸರ್ಜಾಪುರದ ಫ್ಲ್ಯಾಟ್ ಬಗ್ಗೆ ಕೇಳಿದವರಿಗೆ ಮಾಲೂರಿನ ಸೈಟಿನ ಕರೆ, ಹೊಸಕೋಟೆಯ ವಿಲ್ಲಾದ ಮೆಸೇಜು, ವಾರಾಂತ್ಯದ ಉಚಿತ ಕ್ಯಾಬಿನ ಆಹ್ವಾನ. ಪ್ರಚಾರದ ಕರೆಗಳು 140ರಿಂದ ಶುರುವಾಗುವ ಸಂಖ್ಯೆಯಿಂದಲೇ ಬರಬೇಕೆಂಬ ಟ್ರಾಯ್ ನಿಯಮವಿದೆ. ಬರುವುದು ಮಾಮೂಲಿ ಹತ್ತಂಕಿ ಮೊಬೈಲಿನಿಂದ. ಒಂದು ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದು. 1909ಕ್ಕೆ ದೂರು ಕೊಡಬಹುದು, ಕೊಡುವ ತಾಳ್ಮೆ ಎಷ್ಟು ಜನಕ್ಕಿದೆ?

ಏಜೆಂಟರನ್ನು ಬರೀ ಖಳರಂತೆ ಬಿಡಿಸುವುದು ನಮ್ಮ ಇರಾದೆಯಲ್ಲ. ಬಡಾವಣೆಯ ಬ್ರೋಕರ್ ಎಂಬ ಮನುಷ್ಯ ನಮ್ಮೂರುಗಳ ಒಂದು ಸಂಸ್ಥೆ. ಯಾವ ಮನೆಯ ಖಾತೆಯಲ್ಲಿ ತಕರಾರಿದೆ, ಯಾವ ಸೈಟಿಗೆ ಅಣ್ಣತಮ್ಮಂದಿರ ವ್ಯಾಜ್ಯವಿದೆ, ಯಾವ ಗಲ್ಲಿಗೆ ಕಾವೇರಿ ನೀರು ಬರುವುದಿಲ್ಲ ಎಂಬುದು ಅವನಿಗೆ ಬಾಯಿಪಾಠ. ಸುಳ್ಳು ಹೇಳಿ ಮಾರಿದರೆ ನಾಳೆ ಅದೇ ಬೀದಿಯಲ್ಲಿ ಅವನು ಟೀ ಕುಡಿಯಬೇಕಿತ್ತು. ಈಗ ಅವನೂ ರೀಲು ಮಾಡದಿದ್ದರೆ ಗಿರಾಕಿ ಇಲ್ಲ ಎಂಬ ಸ್ಥಿತಿ. ಶೇ 2ರ ಕಮಿಷನ್ ಸಿಗುವುದು ತಿಂಗಳುಗಳ ನಂತರ. ಜಾಹೀರಾತಿನ ದುಡ್ಡು ಮೆಟಾಕ್ಕೆ, ಗೂಗಲ್‌ಗೆ ಇವತ್ತೇ ಕಟ್ಟಬೇಕು. ನಿಜ ಹೇಳುವ ವಿಡಿಯೊವನ್ನು ಅಲ್ಗಾರಿದಮ್ ಮೇಲೆತ್ತುವುದಿಲ್ಲ, ಕೂಗಾಡುವುದನ್ನು ಎತ್ತುತ್ತದೆ. ಖಾತೆ, ಇಸಿ (ಋಣಭಾರ ಪ್ರಮಾಣಪತ್ರ), ಮೂಲ ಪತ್ರಗಳನ್ನು ತಾಳ್ಮೆಯಿಂದ ಕನ್ನಡದಲ್ಲಿ ವಿವರಿಸುವ ಕೆಲವು ಏಜೆಂಟರು, ವಕೀಲರು ಯೂಟ್ಯೂಬ್‌ನಲ್ಲಿದ್ದಾರೆ. ಅವರಿಂದ ಎಷ್ಟೋ ಜನ ಕಲಿತಿದ್ದಾರೆ. ಇದೇ ಮಾಧ್ಯಮ, ಇದೇ ಕಸುಬು, ಬಳಕೆ ಬೇರೆ. ಕಳ್ಳದಾರಿ ಹಿಡಿದವರಿಗೆ ಶಿಕ್ಷೆಯಾಗದಿದ್ದರೆ ಮೊದಲು ನಷ್ಟವಾಗುವುದು ಈ ನೆಟ್ಟಗಿರುವವರಿಗೇ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಡ್ರೋನೂ ಬೇಡವಾಗಿದೆ. ನೀಲಗಿರಿ ಬೋಳಿಸಿದ ಜಾಗದ ಒಂದು ಫೋಟೊ ಕೊಟ್ಟರೆ ಸಾಕು. ಉದ್ಯಾನ, ಕಾರಂಜಿ, ಮಕ್ಕಳು ಆಡುವ ಬೀದಿ ಎಲ್ಲವೂ ಚಲಿಸುವ ಚಿತ್ರವಾಗಿ ಬರುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮನೆ ಮಾರಾಟದ ಚಿತ್ರಗಳನ್ನು ಡಿಜಿಟಲ್ ಆಗಿ ತಿದ್ದಿದ್ದರೆ ಹಾಗೆಂದು ಹೇಳಲೇಬೇಕು, ಮೂಲ ಚಿತ್ರವೂ ಸಿಗುವಂತಿರಬೇಕು ಎಂಬ ಕಾನೂನು 2026ರ ಜನವರಿಯಿಂದ ಜಾರಿಗೆ ಬಂದಿದೆ. ನಮ್ಮಲ್ಲಿ 'ಕಲಾವಿದರ ಕಲ್ಪನೆ' ಎಂದು ಇರುವೆಯಷ್ಟು ಅಕ್ಷರದಲ್ಲಿ ಹಾಕಿದರೆ ಮುಗಿಯಿತು. ಅದೂ ಇಂಗ್ಲಿಷಿನಲ್ಲಿ. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದೇ ಬೇರೆ: ಯಾವ ಭಾಷೆಯಲ್ಲಿ ಹೊಗಳಿಕೆಯಿದೆಯೋ ಅದೇ ಭಾಷೆಯಲ್ಲಿ ಷರಾ ಇರಬೇಕು. ಕನ್ನಡದಲ್ಲಿ 'ಗುರು' ಎಂದು ಕರೆದು ಮಾರುವವರು ಷರತ್ತನ್ನೂ ಕನ್ನಡದಲ್ಲೇ ಹೇಳಲಿ. ದುಡ್ಡು ಪಡೆದು ಹೊಗಳುವವರು 'ಇದು ಜಾಹೀರಾತು' ಎಂದು ಸ್ಪಷ್ಟವಾಗಿ ಹೇಳಬೇಕೆಂಬುದು 2023ರಿಂದ ಕೇಂದ್ರ ಸರ್ಕಾರದ ಸೂಚನೆ. ದಾರಿ ತಪ್ಪಿಸಿದರೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ಇಷ್ಟೆಲ್ಲ ಕಾನೂನು ಕೆಲಸ ಮಾಡಬೇಕಾದರೆ ಸಾಕ್ಷ್ಯ ಬೇಕು. ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಯಾವ ಪೇಜು ಯಾವ ಜಾಹೀರಾತು ಓಡಿಸುತ್ತಿದೆ ಎಂದು ಯಾರು ಬೇಕಾದರೂ ನೋಡಬಹುದು. ಆದರೆ ನಮ್ಮಲ್ಲಿ ರಾಜಕೀಯೇತರ ಜಾಹೀರಾತು ಅಲ್ಲಿ ಕಾಣುವುದು ಓಡುತ್ತಿರುವಷ್ಟು ದಿನ. ನಿಲ್ಲಿಸಿದ ಮೇಲೆ ಅದೂ ಮಾಯ. 2030ರಲ್ಲಿ ಪ್ರಾಧಿಕಾರದ ಮುಂದೆ ನಿಂತು 'ಈಜುಕೊಳ ಇದೆ ಅಂದಿದ್ದರು' ಎನ್ನುವವರ ಕೈಯಲ್ಲಿ ಏನಿರುತ್ತದೆ? ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಮಸುಕಾದ ಒಂದು ಸ್ಕ್ರೀನ್‌ಶಾಟಿಗೆ ಎದುರು ವಕೀಲರು ಎತ್ತುವ ಪ್ರಶ್ನೆಗಳಿಗೆ ಉತ್ತರಿಸುವುದು ಸಾಮಾನ್ಯರಿಗೆ ಕಷ್ಟ.

ಆದ್ದರಿಂದ ಕರ್ನಾಟಕ ರೇರಾ ಮಾಡಬೇಕಾದ ಕೆಲಸ ಸಾಕ್ಷ್ಯ ಉಳಿಸುವುದರಿಂದ ಶುರುವಾಗಬೇಕು. ಪ್ರಾಜೆಕ್ಟಿನ ಪರವಾಗಿ ಯಾರೇ ಮಾಡಲಿ, ಪ್ರತಿ ವಿಡಿಯೊ, ಪೋಸ್ಟರಿನ ಪ್ರತಿಯನ್ನು ಪ್ರಾಧಿಕಾರದ ಪೋರ್ಟಲ್‌ನಲ್ಲಿ ಆ ಪ್ರಾಜೆಕ್ಟಿನ ಪುಟಕ್ಕೆ ಬಿಲ್ಡರ್ ಏರಿಸಬೇಕು. ಯಾವ ಯಾವ ಏಜೆಂಟರಿಗೆ ಮಾರುವ ಅಧಿಕಾರ ಕೊಟ್ಟಿದ್ದೇನೆಂಬ ಪಟ್ಟಿ ಅಲ್ಲೇ ಇರಬೇಕು. ಆಗ 'ನಮ್ಮ ಜಾಹೀರಾತಲ್ಲ' ಎಂಬ ಮಾತಿಗೆ ಜಾಗ ಉಳಿಯುವುದಿಲ್ಲ. ಇದಕ್ಕೆ ಹೊಸ ಕಾಯ್ದೆ ಬೇಡ. 37ನೇ ಸೆಕ್ಷನ್ ಅಡಿ ನಿರ್ದೇಶನ ಕೊಡುವ, 35ನೇ ಸೆಕ್ಷನ್ ಅಡಿ ದೂರಿಗೆ ಕಾಯದೆ ತಾನಾಗಿ ತನಿಖೆ ನಡೆಸುವ ಅಧಿಕಾರ ಪ್ರಾಧಿಕಾರಕ್ಕೆ ಈಗಲೇ ಇದೆ. ಮಹಾರಾಷ್ಟ್ರ 2023ರ ಆಗಸ್ಟ್‌ನಿಂದ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಕಡ್ಡಾಯ ಮಾಡಿ, ತಪ್ಪಿದವರಿಗೆ ದಂಡ ಹಾಕಿತು. ಏಜೆಂಟರಿಗೆ ತರಬೇತಿ, ಪರೀಕ್ಷೆ ಇಟ್ಟಿತು. ಜಾಲತಾಣಗಳಲ್ಲಿನ ಜಾಹೀರಾತುಗಳ ಮೇಲೆ ಕಣ್ಣಿಡಲು ಜಾಹೀರಾತು ಗುಣಮಟ್ಟ ಮಂಡಳಿಯ ನೆರವು ಪಡೆಯಿತು. ಬೆಂಗಳೂರಿನಂಥ ಮಾರುಕಟ್ಟೆ ಇಟ್ಟುಕೊಂಡ ರಾಜ್ಯ ಇದರಲ್ಲಿ ಹಿಂದೆ ಬೀಳುವುದಕ್ಕೆ ಸಬೂಬು ಇಲ್ಲ. ಐಟಿ ರಾಜಧಾನಿ ಎಂಬ ಬಿರುದು ಬರೀ ಭಾಷಣಕ್ಕಾಯಿತೇ?

ಜಾಲತಾಣಗಳೂ ಕೈತೊಳೆದುಕೊಳ್ಳುವಂತಿಲ್ಲ. ಷೇರು, ಹೂಡಿಕೆಯ ಜಾಹೀರಾತು ಕೊಡುವವರು ಸೆಬಿ ನೋಂದಣಿಯ ವಿವರ ಕೊಟ್ಟು ಪರಿಶೀಲನೆಗೆ ಒಳಪಡಬೇಕೆಂದು ಮೆಟಾ 2025ರಲ್ಲಿ ಭಾರತದಲ್ಲಿ ನಿಯಮ ಮಾಡಿತು. ಹತ್ತು ಸಾವಿರದ ಷೇರಿಗೆ ಸಾಧ್ಯವಾದದ್ದು ಅರವತ್ತು ಲಕ್ಷದ ಸೈಟಿಗೆ ಏಕೆ ಅಸಾಧ್ಯ? ರೇರಾ ಸಂಖ್ಯೆ ನಮೂದಿಸದೆ ಆಸ್ತಿ ಜಾಹೀರಾತು ಓಡಬಾರದೆಂದು ಕೇಂದ್ರ ವಸತಿ ಸಚಿವಾಲಯ ಕೇಳಬೇಕು. ಷೇರಿನ ವಿಚಾರದಲ್ಲೂ ಕಂಪನಿಗಳು ತಾವಾಗಿ ಎದ್ದು ಬರಲಿಲ್ಲ, ನಿಯಂತ್ರಕರು ಒತ್ತಡ ಹಾಕಿದ ಮೇಲೆ ಬಂದವು.

ಪ್ರಾಧಿಕಾರ ಎದ್ದೇಳುವವರೆಗೆ ಓದುಗರು ತಮ್ಮ ಎಚ್ಚರದಲ್ಲಿ ತಾವಿರಬೇಕು. ಇಷ್ಟವಾದ ಜಾಹೀರಾತನ್ನು ಪೇಜಿನ ಹೆಸರು, ತಾರೀಕು ಕಾಣುವಂತೆ ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಲು ಕೇಳಿ. ಸರ್ವೆ ನಂಬರ್ ಪಡೆದು ಭೂಮಿ ತಂತ್ರಾಂಶದಲ್ಲಿ ಪಹಣಿ, ಕಾವೇರಿ ಪೋರ್ಟಲ್‌ನಲ್ಲಿ ಇಸಿ, ದಿಶಾಂಕ್ ಆ್ಯಪ್‌ನಲ್ಲಿ ಕೆರೆ, ರಾಜಕಾಲುವೆ, ಖರಾಬು ನೋಡಿ. ಮೂಲ ಪತ್ರಗಳನ್ನು ಬಿಲ್ಡರ್ ತೋರಿಸಿದ ವಕೀಲರಿಗಲ್ಲ, ನಿಮ್ಮ ವಕೀಲರಿಗೆ ತೋರಿಸಿ. ಹಣವನ್ನು ಪ್ರಾಜೆಕ್ಟಿನ ಹೆಸರಿನ ಖಾತೆಗೆ ಮಾತ್ರ ಕಳಿಸಿ. ಎಲ್ಲಕ್ಕೂ ಮೊದಲು ಪಿಆರ್ ಅಕ್ಷರಗಳಿರುವ ಸಂಖ್ಯೆ ಕೇಳಿ ಕೆ-ರೇರಾ ಜಾಲತಾಣದಲ್ಲಿ ಹುಡುಕಿ. ಅದನ್ನು ಕೊಡಲು 'ಸೈಟ್ ವಿಸಿಟ್‌ಗೆ ಬನ್ನಿ ಸಾರ್, ಅಲ್ಲೇ ಹೇಳ್ತೀವಿ' ಅಂದರೆ, ಕ್ಯಾಬು ಉಚಿತವಾಗಿದ್ದರೂ ಹತ್ತಬೇಡಿ.